ದೀರ್ಘಕಾಲದ ಉರಿಯೂತ ಮತ್ತು ರಕ್ತದ ಹೆಪ್ಪು

ಕಾಸಿ ಆರಿಸಿದ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟರೆ ಬೆಳಗಾಗುವುದರೊಳಗೆ ಪಾತ್ರೆಯ ಹಾಲೆಲ್ಲ ಮೊಸರಾಗಿರುತ್ತದೆ. ಆ ಒಂದು ಚಮಚಕ್ಕೆ ಕನ್ನಡದಲ್ಲಿ ‘ಹೆಪ್ಪು’ ಎಂದು ಹೆಸರು. ಮರಾಠಿಯಲ್ಲಿ ಅದು ‘ವಿರಜಣ’. ದ್ರವವು ಗಟ್ಟಿಯಾಗುವ ಈ ಕ್ರಿಯೆಯ ಹೆಸರನ್ನೇ ಕನ್ನಡವು ರಕ್ತಕ್ಕೂ ಬಳಸುತ್ತದೆ. ಗಾಯದ ಬಾಯಲ್ಲಿ ರಕ್ತ ‘ಹೆಪ್ಪುಗಟ್ಟುತ್ತದೆ’. ಮರಾಠಿಯು ಇಲ್ಲಿ ಮೊಸರಿನ ಮಾತನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಆ ಭಾಷೆಯಲ್ಲಿ ರಕ್ತ ‘ಗೋಠತೆ’, ಗಟ್ಟಿಯಾದ ತುಣುಕು ‘ಗುಠಳಿ’.

ಇನ್ನೊಂದು ಪದ ‘ಉರಿಯೂತ’. ಇದು ಉರಿ ಮತ್ತು ಊತ ಸೇರಿ ಆದ ಪದ. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಉರಿಯೂತಕ್ಕೆ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಎರಡು ಕನ್ನಡದ ಈ ಒಂದೇ ಪದದೊಳಗೆ ಅಡಕವಾಗಿವೆ. ಗಡಿಭಾಗದ ಮನೆಮಾತಿನಲ್ಲಿ ಇದಕ್ಕೆ ‘ಬಾವು’ ಎನ್ನುವುದೇ ಹೆಚ್ಚು. ಮರಾಠಿಯಲ್ಲಿ ‘ಸೂಜ’ ಅಥವಾ ‘ದಾಹ’.

ಪಠ್ಯಪುಸ್ತಕದಲ್ಲಿ ಹೆಪ್ಪು ಒಂದು ಅಧ್ಯಾಯ, ಉರಿಯೂತ ಇನ್ನೊಂದು ಅಧ್ಯಾಯ. ದೇಹದಲ್ಲಿ ಮಾತ್ರ ಅವೆರಡೂ ಒಂದೇ ರಕ್ಷಣಾಕಾರ್ಯದ ಅಂಗಗಳು. ಒಂದನ್ನು ಎಬ್ಬಿಸಿದರೆ ಇನ್ನೊಂದೂ ಏಳುತ್ತದೆ. ಆದ್ದರಿಂದಲೇ ವರ್ಷಗಟ್ಟಲೆ ಉರಿಯೂತದ ಕಾಯಿಲೆಯೊಡನೆ ಬದುಕುವವರಲ್ಲಿ, ಅಂದರೆ ಸಂಧಿವಾತ, ಕರುಳಿನ ಉರಿಯೂತ, ಲೂಪಸ್ ಮುಂತಾದವುಗಳಿಂದ ಬಳಲುವವರಲ್ಲಿ, ರಕ್ತನಾಳದೊಳಗೆ ಹೆಪ್ಪು ಕಟ್ಟುವ ಅಪಾಯ ಇತರರಿಗಿಂತ ಹೆಚ್ಚು. ಕೀಲಿನ ನೋವಿಗೂ ಕಾಲಿನ ರಕ್ತನಾಳಕ್ಕೂ, ಕರುಳಿನ ಹುಣ್ಣಿಗೂ ಶ್ವಾಸಕೋಶಕ್ಕೂ ಇರುವ ಈ ನಂಟು ರೋಗಿಯ ಮನೆಯವರಿಗೆ ತಿಳಿದಿರುವುದು ಅಪರೂಪ. ತಿಳಿದಿದ್ದರೆ ಕೆಲವೊಮ್ಮೆ ಒಂದು ಜೀವ ಉಳಿಯುತ್ತದೆ.

ಗಾಯ ಮತ್ತು ಸೋಂಕು

ಬೆರಳು ಕೊಯ್ದಾಗ ದೇಹಕ್ಕೆ ಏಕಕಾಲಕ್ಕೆ ಎರಡು ಕೆಲಸಗಳು ಬೀಳುತ್ತವೆ. ಮೊದಲನೆಯದು ರಕ್ತ ಸೋರದಂತೆ ಬಾಯಿ ಮುಚ್ಚುವುದು. ಎರಡನೆಯದು ಆ ಬಾಯಿಂದ ಒಳನುಗ್ಗುವ ರೋಗಾಣುಗಳನ್ನು ತಡೆಯುವುದು. ಮೊದಲ ಕೆಲಸಕ್ಕೆ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಬಂದು ಒತ್ತಾಗಿ ಅಂಟಿಕೊಳ್ಳುತ್ತವೆ. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಥ್ರಾಂಬಿನ್ ಎಂಬ ಕಿಣ್ವದ ಪ್ರಭಾವದಿಂದ ಫೈಬ್ರಿನ್ ಎಳೆಗಳಾಗಿ ಮಾರ್ಪಟ್ಟು ಬಲೆ ಹೆಣೆಯುತ್ತದೆ. ಎರಡನೆಯ ಕೆಲಸಕ್ಕೆ ಬಿಳಿ ರಕ್ತಕಣಗಳು ಓಡಿಬರುತ್ತವೆ.

ಈ ಎರಡು ಕೆಲಸಗಳು ಮೂಲದಲ್ಲಿ ಎಷ್ಟು ಹತ್ತಿರದವು ಎಂಬುದನ್ನು ಕುದುರೆಲಾಳದ ಏಡಿ ಎಂಬ ಪುರಾತನ ಕಡಲಜೀವಿಯಲ್ಲಿ ಕಾಣಬಹುದು. ಒಡಿಶಾದ ಕರಾವಳಿಯಲ್ಲೂ ಇದು ವಾಸಿಸುತ್ತದೆ. ಇದರ ರಕ್ತದಲ್ಲಿ ತಾಮ್ರವಿರುವುದರಿಂದ ಗಾಳಿ ತಗುಲಿದಾಗ ನೀಲಿಯಾಗುತ್ತದೆ. ಮನುಷ್ಯನಲ್ಲಿರುವಂತೆ ಹೆಪ್ಪಿಗೊಂದು ಕಣ, ರೋಗಾಣುವಿಗೊಂದು ಕಣ ಎಂಬ ವಿಂಗಡಣೆ ಇದಕ್ಕಿಲ್ಲ. ಒಂದೇ ಬಗೆಯ ಕಣ ಎರಡನ್ನೂ ನೋಡಿಕೊಳ್ಳುತ್ತದೆ. ಅಮೆರಿಕದ ವಿಜ್ಞಾನಿ ಫ್ರೆಡರಿಕ್ ಬ್ಯಾಂಗ್ 1956ರಲ್ಲಿ ಈ ಏಡಿಗೆ ಬ್ಯಾಕ್ಟೀರಿಯಾ ತಗುಲಿದಾಗ ಅದರ ರಕ್ತವೇ ಹೆಪ್ಪುಗಟ್ಟುವುದನ್ನು ವರದಿ ಮಾಡಿದರು. ರೋಗಾಣುವನ್ನು ಗಟ್ಟಿಯಾದ ರಕ್ತದಲ್ಲಿ ಸಿಲುಕಿಸಿ, ಮುಂದೆ ಹರಿಯದಂತೆ ಮಾಡುವ ಉಪಾಯವದು. ಔಷಧ ಮತ್ತು ಲಸಿಕೆಗಳಲ್ಲಿ ಬ್ಯಾಕ್ಟೀರಿಯಾದ ವಿಷಾಂಶವಿದೆಯೇ ಎಂದು ಪರೀಕ್ಷಿಸಲು ಇದೇ ರಕ್ತದ ಸತ್ವವನ್ನು ಮುಂದೆ ಬಳಸಲಾಯಿತು.

ಕಾಲಾಂತರದಲ್ಲಿ ಕಣಗಳು ಬೇರೆಬೇರೆಯಾದರೂ ಅವುಗಳ ನಡುವಿನ ಸಂಕೇತಗಳು ಉಳಿದುಕೊಂಡವು. ಮನುಷ್ಯನ ಬಿಳಿಕಣಗಳು ರೋಗಾಣುವನ್ನು ನುಂಗುವುದಷ್ಟೇ ಅಲ್ಲ, ಕೆಲವೊಮ್ಮೆ ತಮ್ಮದೇ ಡಿ.ಎನ್.ಎ. ಎಳೆಗಳನ್ನು ಹೊರಗೆ ಚೆಲ್ಲಿ ಬಲೆ ಬೀಸುತ್ತವೆ ಎಂಬುದನ್ನು ಬರ್ಲಿನ್ನಿನ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಈ ಬಲೆಯ ಮೇಲೆ ಪ್ಲೇಟ್‌ಲೆಟ್‌ಗಳು ಅಂಟಿ ಹೆಪ್ಪು ಬೆಳೆಯಬಲ್ಲದು ಎಂಬುದು 2010ರ ವೇಳೆಗೆ ತಿಳಿದುಬಂತು. ಕೊರೋನಾ ಕಾಲದಲ್ಲಿ ಶ್ವಾಸಕೋಶದ ಸೋಂಕಿಗೆಂದು ದಾಖಲಾದ ಅನೇಕರ ರಕ್ತನಾಳಗಳಲ್ಲಿ ಹೆಪ್ಪು ಕಂಡದ್ದೂ, ಆಸ್ಪತ್ರೆಗಳಲ್ಲಿ ಅವರಿಗೆ ಹೆಪ್ಪುನಿರೋಧಕ ಚುಚ್ಚುಮದ್ದು ಕೊಟ್ಟದ್ದೂ ಇದೇ ನಂಟಿನಿಂದ.

ಸೋಂಕು ಬಂದು ಹೋಗುವಂಥದ್ದು. ಅದು ಹೋದ ಮೇಲೆ ಈ ಸಿದ್ಧತೆಯೂ ಇಳಿಯುತ್ತದೆ. ದೀರ್ಘಕಾಲದ ಉರಿಯೂತದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಹೊರಗಿನ ಶತ್ರು ಇಲ್ಲದಿದ್ದರೂ ದೇಹದ ರಕ್ಷಣಾವ್ಯವಸ್ಥೆ ತನ್ನದೇ ಕೀಲು, ಕರುಳು, ಚರ್ಮಗಳ ಮೇಲೆ ಎರಗುತ್ತದೆ. ಕಾವಲುಗಾರ ಆಯುಧ ಕೆಳಗಿಡುವುದೇ ಇಲ್ಲ. ಅದರ ಜೊತೆಗೆ ಹೆಪ್ಪಿನ ಸಿದ್ಧತೆಯೂ ಹಗಲಿರುಳು ಜಾಗೃತವಾಗಿಯೇ ಇರುತ್ತದೆ.

ಹೆಪ್ಪಿಗೆ ಮೂರು ಕಾರಣಗಳು

ರಕ್ತನಾಳದೊಳಗೆ ಹೆಪ್ಪು ಏಕೆ ಕಟ್ಟುತ್ತದೆ ಎಂಬ ಚರ್ಚೆಯಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋವ್ (1821–1902) ಹೆಸರು ತಪ್ಪದೆ ಬರುತ್ತದೆ. ಶ್ವಾಸಕೋಶದ ನಾಳಗಳಲ್ಲಿ ಸಿಗುವ ಹೆಪ್ಪು ಅನೇಕ ವೇಳೆ ಅಲ್ಲಿ ಹುಟ್ಟಿದ್ದಲ್ಲ, ಕಾಲಿನಂಥ ದೂರದ ನಾಳದಲ್ಲಿ ಹುಟ್ಟಿ, ಕಳಚಿಕೊಂಡು, ರಕ್ತದೊಡನೆ ತೇಲಿ ಬಂದದ್ದು ಎಂಬುದನ್ನು ಅವರು ತೋರಿಸಿಕೊಟ್ಟರು. ಹೆಪ್ಪಿಗೆ ಕಾರಣವಾಗುವ ಮೂರು ಸ್ಥಿತಿಗಳನ್ನು ಇಂದಿಗೂ ‘ವಿರ್ಖೋವ್ ತ್ರಯ’ ಎಂದು ಕರೆಯಲಾಗುತ್ತದೆ. ಈ ಹೆಸರು ಬಂದದ್ದು ಮಾತ್ರ ಅವರ ಕಾಲದ ನಂತರ. ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಧಕ್ಕೆಯಾಗುವುದು, ರಕ್ತವೇ ಹೆಪ್ಪಿನತ್ತ ವಾಲುವುದು: ಇವೇ ಆ ಮೂರು.

ದೀರ್ಘಕಾಲದ ಉರಿಯೂತವು ಈ ಮೂರನ್ನೂ ಒಟ್ಟಿಗೆ ತರುತ್ತದೆ ಎಂಬುದು ಗಮನಾರ್ಹ. ಮೊಣಕಾಲು ಬಾತವರು ನಡೆದಾಡುವುದಿಲ್ಲ. ಕರುಳಿನ ಕಾಯಿಲೆಯವರು ಹಾಸಿಗೆ ಹಿಡಿಯುತ್ತಾರೆ. ಕಾಲಿನ ರಕ್ತ ಮೇಲಕ್ಕೇರಲು ಮೀನಖಂಡದ ಸ್ನಾಯುಗಳು ಹಿಂಡಬೇಕು. ನಡಿಗೆ ನಿಂತರೆ ಆ ಹಿಂಡುವಿಕೆ ನಿಲ್ಲುತ್ತದೆ, ಹರಿವು ನಿಧಾನವಾಗುತ್ತದೆ. ಇದು ಮೊದಲನೆಯ ಕಾರಣ.

ಎರಡನೆಯದು ನಾಳದ ಒಳಪದರ. ಆರೋಗ್ಯದಲ್ಲಿ ಅದು ನುಣುಪಾಗಿದ್ದು, ಹೆಪ್ಪು ಕಟ್ಟದಂತೆ ತಡೆಯುವ ಪದಾರ್ಥಗಳನ್ನು ತಾನೇ ಹೊಂದಿರುತ್ತದೆ. ಉರಿಯೂತದ ಸಂದೇಶವಾಹಕಗಳಾದ ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6 ಮುಂತಾದವು ರಕ್ತದಲ್ಲಿ ತುಂಬಿಕೊಂಡಾಗ ಆ ಪದರ ತನ್ನ ಗುಣವನ್ನು ಬದಲಿಸುತ್ತದೆ. ಬಿಳಿಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ‘ಟಿಶ್ಯೂ ಫ್ಯಾಕ್ಟರ್’ ಎಂಬ, ಹೆಪ್ಪಿನ ಸರಣಿಯನ್ನು ಆರಂಭಿಸುವ ಪ್ರೋಟೀನು ಬಿಳಿಕಣಗಳ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಹಾಲಿಗೆ ಮಜ್ಜಿಗೆಯ ಹನಿ ಹೇಗೋ ಹಾಗೆ ರಕ್ತಕ್ಕೆ ಇದು.

ಮೂರನೆಯದು ರಕ್ತದ ಗುಣ. ಯಕೃತ್ತು ಉರಿಯೂತದ ಸಂದೇಶಕ್ಕೆ ಓಗೊಟ್ಟು ಫೈಬ್ರಿನೋಜನ್ನನ್ನು ಹೆಚ್ಚಾಗಿ ತಯಾರಿಸುತ್ತದೆ. ಹೆಪ್ಪನ್ನು ಮಿತಿಯಲ್ಲಿಡುವ ಪ್ರೋಟೀನ್-ಸಿ ವ್ಯವಸ್ಥೆ ದುರ್ಬಲಗೊಳ್ಳುತ್ತದೆ. ಕಟ್ಟಿದ ಹೆಪ್ಪನ್ನು ಕರಗಿಸುವ ಕ್ರಿಯೆಗೂ ಅಡ್ಡಿಯಾಗುತ್ತದೆ. ಹೀಗೆ ಕಟ್ಟುವ ಕೈ ಬಲವಾಗಿ, ಬಿಚ್ಚುವ ಕೈ ಸೋಲುತ್ತದೆ.

ಈ ಮೂರನೆಯ ಬದಲಾವಣೆಯ ಸುಳಿವು ಸಂಧಿವಾತದ ರೋಗಿಯ ಕಡತದಲ್ಲಿ ಬಹುತೇಕ ಇದ್ದೇ ಇರುತ್ತದೆ. ಇ.ಎಸ್.ಆರ್. ಎಂಬ ಅಗ್ಗದ ಪರೀಕ್ಷೆ ತಾಲೂಕು ಊರಿನ ಪ್ರಯೋಗಾಲಯದಲ್ಲೂ ನಡೆಯುತ್ತದೆ. ಉದ್ದನೆಯ ಗಾಜಿನ ಕೊಳವೆಯಲ್ಲಿ ರಕ್ತವನ್ನು ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುವುದು ಅದರ ಕ್ರಮ. ಫೈಬ್ರಿನೋಜನ್ ಹೆಚ್ಚಿದ್ದಾಗ ಕೆಂಪುಕಣಗಳು ನಾಣ್ಯಗಳನ್ನು ಪೇರಿಸಿಟ್ಟಂತೆ ಒಂದಕ್ಕೊಂದು ಅಂಟಿ, ಭಾರವಾಗಿ, ಬೇಗ ಇಳಿಯುತ್ತವೆ. ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯೆರ್ನಾಟ್ಸ್ಕಿ 1897ರಲ್ಲೇ ಈ ಇಳಿತಕ್ಕೂ ಫೈಬ್ರಿನೋಜನ್ನಿಗೂ ಇರುವ ಸಂಬಂಧವನ್ನು ಗುರುತಿಸಿದ್ದರು. ರಕ್ತಹೀನತೆ, ವಯಸ್ಸು, ಗರ್ಭಾವಸ್ಥೆಗಳಿಂದಲೂ ಈ ಸಂಖ್ಯೆ ಏರುವುದುಂಟು. ಆದ್ದರಿಂದ ಇದರಿಂದಲೇ ಹೆಪ್ಪಿನ ಭವಿಷ್ಯ ನುಡಿಯಲಾಗದು. ಆದರೆ ಕೀಲಿನ ಬಾವಿನ ಅಳತೆಯೆಂದು ರೋಗಿ ನಂಬಿರುವ ಸಂಖ್ಯೆಯ ಹಿಂದೆ ಹೆಪ್ಪಿನ ಪ್ರೋಟೀನೇ ನಿಂತಿದೆ ಎಂಬುದು ಈ ನಂಟಿಗೆ ಸರಳವಾದ ಸಾಕ್ಷಿ.

ಅಪಾಯದ ಪ್ರಮಾಣ

ಕರುಳಿನ ಉರಿಯೂತದ ರೋಗಿಗಳಲ್ಲಿ ಹೆಪ್ಪಿನ ತೊಡಕನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ಬಾರ್ಗೆನ್ ಮತ್ತು ಬಾರ್ಕರ್ ಎಂಬ ವೈದ್ಯರು 1936ರಷ್ಟು ಹಿಂದೆಯೇ ದಾಖಲಿಸಿದ್ದರು. ಅನಂತರದ ದಶಕಗಳಲ್ಲಿ ದೊಡ್ಡ ಪ್ರಮಾಣದ ಅಧ್ಯಯನಗಳು ಬಂದವು. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನವು ಕರುಳಿನ ಉರಿಯೂತವಿದ್ದ ಸುಮಾರು 14 ಸಾವಿರ ಜನರ ದಾಖಲೆಗಳನ್ನು ಪರಿಶೀಲಿಸಿತು. ಅವರಲ್ಲಿ ಅಭಿಧಮನಿಗಳ ಹೆಪ್ಪಿನ ಅಪಾಯ ಇತರರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಕಾಯಿಲೆ ಉಲ್ಬಣಿಸಿದ ಅವಧಿಯನ್ನಷ್ಟೇ ತೆಗೆದುಕೊಂಡರೆ ಅದು ಎಂಟು ಪಟ್ಟಿಗೂ ಮೀರಿತ್ತು.

ಸ್ವೀಡನ್ನಿನ ರಾಷ್ಟ್ರಮಟ್ಟದ ಅಧ್ಯಯನ ಇನ್ನೂ ವಿಸ್ತಾರವಾದದ್ದು. 1964ರಿಂದ 2008ರವರೆಗೆ ವಿವಿಧ ಸ್ವಯಂನಿರೋಧಕ ಕಾಯಿಲೆಗಳಿಗಾಗಿ ಆಸ್ಪತ್ರೆ ಸೇರಿದ 5 ಲಕ್ಷಕ್ಕೂ ಹೆಚ್ಚು ಜನರನ್ನು ಅದು ಪರಿಗಣಿಸಿತು. ದಾಖಲಾದ ಮೊದಲ ವರ್ಷದಲ್ಲಿ ಶ್ವಾಸಕೋಶದ ಹೆಪ್ಪಿನ ಅಪಾಯ ಸುಮಾರು ಆರು ಪಟ್ಟಾಗಿದ್ದು, ವರ್ಷಗಳು ಕಳೆದಂತೆ ಇಳಿಯುತ್ತ ಹೋಗಿ, ಹತ್ತು ವರ್ಷಗಳ ನಂತರ ಬಹುತೇಕ ಇತರರ ಮಟ್ಟಕ್ಕೆ ಬಂದಿತ್ತು. ಎರಡೂ ಅಧ್ಯಯನಗಳಿಂದ ಹೊರಡುವ ಅರ್ಥ ಒಂದೇ. ಈ ಅಪಾಯವು ಕಾಯಿಲೆಯ ಹೆಸರಿಗಿಂತ ಹೆಚ್ಚಾಗಿ ಅದರ ಉಗ್ರತೆಗೆ ಅಂಟಿಕೊಂಡಿದೆ. ಬೆಂಕಿ ಎದ್ದಾಗ ಅಪಾಯ ಏರುತ್ತದೆ, ಆರಿದಾಗ ಇಳಿಯುತ್ತದೆ.

‘ಪಟ್ಟು’ ಎಂಬ ಮಾತು ಭಯ ಹುಟ್ಟಿಸುವಂಥದ್ದು. ಅದನ್ನು ಮೂಲಸಂಖ್ಯೆಯೊಡನೆ ಸೇರಿಸಿಯೇ ಓದಬೇಕು. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ಸಾಮಾನ್ಯ ಜನರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರು ಅಥವಾ ಇಬ್ಬರಿಗೆ ಅಭಿಧಮನಿಯ ಹೆಪ್ಪು ಉಂಟಾಗುತ್ತದೆ. ಸಂಧಿವಾತದಲ್ಲಿ ಅದು ಸುಮಾರು ಎರಡು ಪಟ್ಟಾಗುತ್ತದೆ ಎಂದರೆ, ಸಾವಿರ ಜನ ಸಂಧಿವಾತದವರಲ್ಲಿ ಒಂಬೈನೂರ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಆ ವರ್ಷ ಏನೂ ಆಗುವುದಿಲ್ಲ ಎಂದರ್ಥ. ಹೆದರಿ ಕೂರಲು ಕಾರಣವಿಲ್ಲ. ಲಕ್ಷಣ ಕಂಡಾಗ ಅಲಕ್ಷ್ಯ ಮಾಡಲೂ ಅವಕಾಶವಿಲ್ಲ.

ಲೂಪಸ್ ರೋಗಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರ ರಕ್ತದಲ್ಲಿ ‘ಆಂಟಿಫಾಸ್ಫೋಲಿಪಿಡ್’ ಎಂಬ ಪ್ರತಿಕಾಯಗಳು ಕಂಡುಬರುತ್ತವೆ. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ಮತ್ತು ಅವರ ಸಹೋದ್ಯೋಗಿಗಳು 1983ರಿಂದೀಚೆಗೆ ಇದನ್ನು ಒಂದು ಪ್ರತ್ಯೇಕ ಲಕ್ಷಣಸಮೂಹವೆಂದು ವಿವರಿಸಿದರು. ಮತ್ತೆ ಮತ್ತೆ ಹೆಪ್ಪು ಕಟ್ಟುವುದು, ಗರ್ಭಪಾತಗಳಾಗುವುದು ಇದರ ಚಹರೆ. ಇಂಥ ಪ್ರತಿಕಾಯಗಳಲ್ಲಿ ಒಂದಕ್ಕೆ ‘ಲೂಪಸ್ ಹೆಪ್ಪುನಿರೋಧಕ’ ಎಂಬ ಹೆಸರಿದೆ. ಪ್ರಯೋಗಾಲಯದ ನಳಿಕೆಯಲ್ಲಿ ಅದು ಹೆಪ್ಪನ್ನು ತಡಮಾಡಿಸುತ್ತದೆ, ದೇಹದಲ್ಲಾದರೋ ಹೆಪ್ಪನ್ನು ಬರಿಸುತ್ತದೆ. ಹೆಸರೇ ವಸ್ತುವಿಗೆ ವಿರುದ್ಧವಾಗಿ ನಿಂತ ಪ್ರಸಂಗವಿದು.

ಇಸ್ತಾಂಬುಲ್ಲಿನ ಚರ್ಮವೈದ್ಯ ಹುಲೂಸಿ ಬೆಹ್ಚೆಟ್ 1937ರಲ್ಲಿ ವಿವರಿಸಿದ, ಅವರದೇ ಹೆಸರಿನ ಕಾಯಿಲೆಯು ಉರಿಯೂತಕ್ಕೂ ಹೆಪ್ಪಿಗೂ ಇರುವ ಸಂಬಂಧವನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. ಅದರಲ್ಲಿ ಬಾಯಿ ಹುಣ್ಣು, ಕಣ್ಣಿನ ಉರಿಯೂತಗಳ ಜೊತೆಗೆ ಅಭಿಧಮನಿಯ ಗೋಡೆಯೇ ಉರಿದು ಅಲ್ಲಿ ಹೆಪ್ಪು ಕಟ್ಟುತ್ತದೆ. ಅದಕ್ಕೆ ಮುಖ್ಯ ಚಿಕಿತ್ಸೆಯಾಗಿ ವೈದ್ಯರು ಉರಿಯೂತವನ್ನು ಶಮನಗೊಳಿಸುವ ಔಷಧವನ್ನೇ ಆರಿಸುತ್ತಾರೆ. ಹೆಪ್ಪುನಿರೋಧಕ ಒಂದರಿಂದಲೇ ಅಲ್ಲಿ ಕೆಲಸ ಸಾಗದು.

ಅಪಧಮನಿಗಳೂ ಇದರಿಂದ ಹೊರತಲ್ಲ. ಸಂಧಿವಾತವಿರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಸುಮಾರು ಒಂದೂವರೆ ಪಟ್ಟು ಎಂಬುದು ವೈದ್ಯಕೀಯ ಅಂದಾಜು. ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಸೇರಿದರೆ ಅದು ಮತ್ತಷ್ಟು ಬೆಳೆಯುತ್ತದೆ.

ಔಷಧಗಳ ವಿವೇಚನೆ

ಹೆಪ್ಪುನಿರೋಧಕ ಔಷಧಗಳಿಗೆ ತಮ್ಮದೇ ಚರಿತ್ರೆಯಿದೆ. ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ 1916ರಲ್ಲಿ ಹೆಪ್ಪು ಕಟ್ಟಿಸುವ ಪದಾರ್ಥವನ್ನು ಹುಡುಕುತ್ತಿದ್ದಾಗ ಅದಕ್ಕೆ ತದ್ವಿರುದ್ಧವಾದ ಪದಾರ್ಥವೊಂದು ದೊರಕಿತು. ಅದರ ಬೆನ್ನು ಹಿಡಿದು ಹೆಪಾರಿನ್ ಬಂತು. ವಾರ್ಫರಿನ್ನಿನ ಮೂಲ ದನದ ಕೊಟ್ಟಿಗೆಯಲ್ಲಿದೆ. 1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಗಳಲ್ಲಿ ಕೊಳೆತ ‘ಸ್ವೀಟ್ ಕ್ಲೋವರ್’ ಮೇವು ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು. ವಿಸ್ಕಾನ್ಸಿನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ತಮ್ಮ ತಂಡದೊಡನೆ ಆ ಮೇವಿನಲ್ಲಿದ್ದ ಪದಾರ್ಥವನ್ನು ಬೇರ್ಪಡಿಸಿದರು. ಅದರ ಸಂಬಂಧಿಯೊಂದು ಮೊದಲು 1948ರಲ್ಲಿ ಇಲಿಪಾಷಾಣವಾಗಿಯೂ, 1954ರಲ್ಲಿ ಮನುಷ್ಯರ ಔಷಧವಾಗಿಯೂ ಬಳಕೆಗೆ ಬಂತು.

ಇವುಗಳನ್ನು ಜನ ‘ರಕ್ತ ತೆಳುಮಾಡುವ ಗುಳಿಗೆ’ ಎನ್ನುತ್ತಾರೆ. ಮರಾಠಿಯಲ್ಲೂ ‘ರಕ್ತ ಪಾತಳ ಕರಣಾರೀ ಗೋಳೀ’ ಎಂಬ ಮಾತಿದೆ. ಇವು ರಕ್ತವನ್ನು ನೀರಾಗಿಸುವುದಿಲ್ಲ. ಹೆಪ್ಪು ಕಟ್ಟುವ ವೇಗವನ್ನು ಕುಗ್ಗಿಸುತ್ತವೆ, ಅಷ್ಟೆ. ಈ ಪದಪ್ರಯೋಗದಿಂದ ಒಂದು ಅನರ್ಥವೂ ಹುಟ್ಟುತ್ತದೆ. ರಕ್ತವೇ ಕಡಿಮೆಯಿದೆ ಎಂದು ವೈದ್ಯರು ಹೇಳಿದ ರೋಗಿಗೆ ‘ತೆಳು ಮಾಡುವ’ ಗುಳಿಗೆ ಏಕೆಂದು ಮನೆಯವರು ಅದನ್ನು ನಿಲ್ಲಿಸಿಬಿಡುವ ಸಾಧ್ಯತೆಯಿದೆ.

ಕರುಳಿನ ಉರಿಯೂತದಲ್ಲಿ ಈ ಗೊಂದಲ ಇನ್ನೂ ತೀವ್ರ. ಮಲದಲ್ಲಿ ರಕ್ತ ಹೋಗುತ್ತಿರುವವರಿಗೆ ಹೆಪ್ಪುನಿರೋಧಕ ಕೊಡುವುದು ಮೇಲುನೋಟಕ್ಕೆ ಅವಿವೇಕವೆನಿಸುತ್ತದೆ. ಆದರೂ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ ಇಂಥ ರೋಗಿಗಳಿಗೆ, ಜೀವಕ್ಕೆ ಅಪಾಯವಾಗುವಷ್ಟು ರಕ್ತಸ್ರಾವ ಇಲ್ಲದಿದ್ದರೆ, ಅಲ್ಪ ಪ್ರಮಾಣದ ಹೆಪಾರಿನ್ ಚುಚ್ಚುಮದ್ದು ಕೊಡಬೇಕೆಂಬುದೇ ತಜ್ಞರ ಶಿಫಾರಸು. ಕರುಳಿನಲ್ಲಿ ಸೋರುತ್ತಿರುವ ರಕ್ತವೇ ಕಾಲಿನಲ್ಲಿ ಹೆಪ್ಪುಗಟ್ಟುತ್ತಿರಬಹುದು ಎಂಬ ಅರಿವು ಅದರ ಹಿಂದಿದೆ.

ಉರಿಯೂತದ ಔಷಧಗಳಲ್ಲಿಯೂ ವಿವೇಚನೆ ಬೇಕು. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್‌ಗಳೊಂದಿಗೆ ಹೆಪ್ಪಿನ ಅಪಾಯ ಹೆಚ್ಚುವುದುಂಟು. ಟೊಫಾಸಿಟಿನಿಬ್ ವರ್ಗದ ಗುಳಿಗೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿಯೂ 2021ರಲ್ಲಿಯೂ ಎಚ್ಚರಿಕೆ ನೀಡಿದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆಗಳೂ ಈ ಪಟ್ಟಿಗೆ ಸೇರುತ್ತವೆ. ಇದನ್ನು ಓದಿ ಗುಳಿಗೆಯನ್ನು ತಾವಾಗಿ ಬಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯವೇ ಆಗಬಹುದು. ಔಷಧ ಬಿಟ್ಟಾಗ ಉರಿಯೂತ ಭುಗಿಲೇಳುತ್ತದೆ, ಅದರೊಡನೆ ಹೆಪ್ಪಿನ ಅಪಾಯವೂ ಏರುತ್ತದೆ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳುವುದೇ ಸರಿಯಾದ ದಾರಿ.

ಇನ್ನೊಂದು ಸಂಗತಿ ಸಂಧಿವಾತದವರಿಗೆ ಮುಖ್ಯವಾದದ್ದು. ಹೆಪ್ಪುನಿರೋಧಕ ಸೇವಿಸುತ್ತಿರುವಾಗ ಅಂಗಡಿಯಿಂದ ತಂದ ನೋವಿನ ಗುಳಿಗೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ವಾರ್ಫರಿನ್ ಸೇವಿಸುವವರು ಮೆಂತ್ಯ, ಪಾಲಕದಂಥ ಸೊಪ್ಪುಗಳನ್ನು ಬಿಡಬೇಕಿಲ್ಲ. ಆದರೆ ಒಂದು ವಾರ ಯಥೇಚ್ಛ, ಇನ್ನೊಂದು ವಾರ ಶೂನ್ಯ ಎಂದಾಗದಂತೆ ಸಮಪ್ರಮಾಣದಲ್ಲಿ ತಿನ್ನಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಔಷಧಕ್ಕೆ ಎದುರಾಗಿ ಕೆಲಸ ಮಾಡುವುದೇ ಅದಕ್ಕೆ ಕಾರಣ.

ಲಕ್ಷಣಗಳು ಮತ್ತು ಗೊಂದಲಗಳು

ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿದಾಗ ಸಾಮಾನ್ಯವಾಗಿ ಒಂದೇ ಕಾಲು ಬಾಯುತ್ತದೆ. ಮೀನಖಂಡ ಬಿಗಿಯುತ್ತದೆ, ಮುಟ್ಟಿದರೆ ನೋಯುತ್ತದೆ, ಚರ್ಮ ಬೆಚ್ಚಗಾಗಿ ಬಣ್ಣ ಬದಲಾಗಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುನೋವು, ಕೆಮ್ಮಿನಲ್ಲಿ ರಕ್ತ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು ಕಾಣಿಸಿಕೊಳ್ಳುತ್ತವೆ. ಇದು ತುರ್ತುಸ್ಥಿತಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ದೊರೆಯುತ್ತದೆ.

ಸಂಧಿವಾತದ ರೋಗಿಯಲ್ಲಿ ಮೊದಲ ಲಕ್ಷಣವೇ ದಾರಿ ತಪ್ಪಿಸುತ್ತದೆ. ಆ ಕಾಲು ಮೊದಲೂ ಬಾಯುತ್ತಿತ್ತು, ಮೊದಲೂ ನೋಯುತ್ತಿತ್ತು. ಹಾಗಾಗಿ ಹೊಸ ಬಾವನ್ನೂ ಹಳೆಯ ಲೆಕ್ಕಕ್ಕೇ ಸೇರಿಸಲಾಗುತ್ತದೆ. ಮೊಣಕಾಲಿನ ಹಿಂದೆ ಕೀಲಿನ ನೀರು ತುಂಬಿದ ಚೀಲವೊಂದು ಬೆಳೆದು, ಅದು ಒಡೆದಾಗಲೂ ಮೀನಖಂಡ ಇದೇ ರೀತಿ ಬಾಯುತ್ತದೆ. ಹೆಪ್ಪೋ, ಒಡೆದ ಚೀಲವೋ ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು. ಡಾಪ್ಲರ್ ಸೋನೋಗ್ರಾಫಿ ಮಾಡಿಸಲೇಬೇಕು. ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಸಂಖ್ಯೆ ಉರಿಯೂತದಿಂದಲೇ ಏರಿರುವುದುಂಟಾದ್ದರಿಂದ, ಏರಿದೆ ಎಂಬ ಒಂದೇ ಕಾರಣಕ್ಕೆ ಹೆಪ್ಪಿದೆಯೆಂದು ಹೇಳುವಂತಿಲ್ಲ.

ಮನೆಮದ್ದಿನ ಒಂದು ರೂಢಿ ಇಲ್ಲಿ ಹಾನಿಕರವಾಗಬಲ್ಲದು. ಕಾಲು ಹಿಡಿದಿದೆ ಎಂದಾಗ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು ವಾಡಿಕೆ. ಒಂದೇ ಕಾಲು ಹೊಸದಾಗಿ ಬಾತಿದ್ದರೆ ಪರೀಕ್ಷೆಯಾಗುವವರೆಗೆ ತಿಕ್ಕಬಾರದು. ಸಡಿಲವಾದ ಹೆಪ್ಪು ಕಳಚಿ ಮೇಲೇರುವ ಸಂಭವವಿರುತ್ತದೆ. ಹೆರಿಗೆಯ ನಂತರದ ಆರು ವಾರಗಳು ಯಾವ ಹೆಂಗಸಿಗಾದರೂ ಹೆಪ್ಪಿನ ಅಪಾಯ ಹೆಚ್ಚಿರುವ ಕಾಲ. ಲೂಪಸ್ಸಿನಂಥ ಕಾಯಿಲೆಯಿದ್ದರೆ ಇನ್ನೂ ಹೆಚ್ಚು. ಬಾಣಂತಿಗೆ ನೀರು ಕಡಿಮೆ ಕೊಟ್ಟು ದಿನವಿಡೀ ಮಲಗಿಸುವ ರೂಢಿಯನ್ನು ಈ ದೃಷ್ಟಿಯಿಂದ ಮರುಚಿಂತಿಸಬೇಕು. ಸೊಲ್ಲಾಪುರ ಸೀಮೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ದಿನಗಳಲ್ಲಂತೂ ನೀರಿನ ಕೊರತೆ ಯಾವ ರೋಗಿಗೂ ಹಿತವಲ್ಲ. ನಾಲ್ಕು ಗಂಟೆಗೂ ಮೀರಿದ ಬಸ್ಸಿನ ಪ್ರಯಾಣದಲ್ಲಿ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ನಿಲುಗಡೆಯಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವುದು ಖರ್ಚಿಲ್ಲದ ಉಪಾಯ. ಕುಳಿತೇ ಬೀಡಿ ಕಟ್ಟುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಮನೆಮಾತಿನಿಂದ ಆಸ್ಪತ್ರೆಯ ಮಾತಿಗೆ

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ವಿಷಯ ಹೊರಗಿನದೆಂದು ತೋರಬಹುದು. ಗಡಿಭಾಗದಲ್ಲಿ ಅದು ಹಾಗಿಲ್ಲ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಅಜ್ಜಿಯ ನೋವು ಕನ್ನಡದಲ್ಲಿರುತ್ತದೆ. ಆಸ್ಪತ್ರೆಯ ಮಾತು ಮರಾಠಿಯಲ್ಲಿರುತ್ತದೆ, ಕಾಗದ ಇಂಗ್ಲಿಷಿನಲ್ಲಿರುತ್ತದೆ. ಮೂರರ ನಡುವೆ ನಿಲ್ಲುವವರು ಕಾಲೇಜಿಗೆ ಹೋಗುವ ಮೊಮ್ಮಗ ಅಥವಾ ಮೊಮ್ಮಗಳು. ಅವರ ಅನುವಾದದಲ್ಲಿ ಏನು ಉಳಿಯಿತು, ಏನು ಬಿದ್ದುಹೋಯಿತು ಎಂಬುದರ ಮೇಲೆ ರೋಗನಿದಾನ ನಿಂತಿರುತ್ತದೆ.

ಆಡುಮಾತಿನ ‘ನರ’ ಎಂಬ ಪದವನ್ನೇ ನೋಡಬಹುದು. ರಕ್ತನಾಳಕ್ಕೂ, ನರಕ್ಕೂ, ಸ್ನಾಯುವಿನ ಬಿಗಿತಕ್ಕೂ ಜನ ಅದನ್ನೇ ಬಳಸುತ್ತಾರೆ. ‘ಕಾಲಾನ ನರ ಹಿಡದೈತಿ’ ಎಂಬ ಮಾತನ್ನು ಹಾಗೆಯೇ ದಾಟಿಸಿದರೆ ಕೇಳಿದವರಿಗೆ ಅದು ಸೆಳೆತವೆಂದೇ ಅರ್ಥವಾದೀತು. ಶಾಲೆಯ ವಿಜ್ಞಾನದಲ್ಲಿ ಕನ್ನಡ ಮಾಧ್ಯಮದವರು ಅಪಧಮನಿ, ಅಭಿಧಮನಿ ಎಂದು ಕಲಿತರೆ, ಮರಾಠಿ ಮಾಧ್ಯಮದವರು ಅದನ್ನೇ ರೋಹಿಣಿ, ನೀಲಾ ಎಂದು ಕಲಿಯುತ್ತಾರೆ. ‘ದಮ್ಮು’ ಎಂಬ ಪದವೂ ಜಾಗರೂಕತೆ ಬೇಡುತ್ತದೆ. ಕನ್ನಡದ ಅಜ್ಜಿ ‘ದಮ್ಮು ಹತ್ತೈತಿ’ ಎಂದರೆ ಏದುಸಿರು. ಮರಾಠಿಯ ‘ದಮಾ’ ಎಂದರೆ ಆಸ್ತಮಾ. ಒಂದು ಸ್ವರದ ವ್ಯತ್ಯಾಸದಲ್ಲಿ ಹೊಸದಾಗಿ ಬಂದ ಏದುಸಿರು ಹಳೆಯ ಕಾಯಿಲೆಯಾಗಿ ದಾಖಲಾಗಬಹುದು.

ಆದ್ದರಿಂದ ಅನುವಾದಕನು ಪದಕ್ಕೆ ಪದ ಕೊಡುವುದರ ಬದಲು ನಾಲ್ಕು ಸಂಗತಿಗಳನ್ನು ತಪ್ಪದೆ ತಿಳಿಸಬೇಕು. ಬಾವು ಒಂದೇ ಕಾಲಿಗಿದೆಯೇ, ಎರಡಕ್ಕೂ ಇದೆಯೇ? ಎಂದಿನಿಂದ ಬಂತು? ಉಸಿರಿನ ತೊಂದರೆ ನಿಧಾನವಾಗಿ ಬಂತೋ, ಅಚಾನಕ್ ಬಂತೋ? ಮೊದಲಿನಿಂದ ಯಾವ ಉರಿಯೂತದ ಕಾಯಿಲೆಯಿದೆ, ಅದಕ್ಕೆ ಯಾವ ಗುಳಿಗೆ ನಡೆದಿದೆ? ‘ಒಂದ ಕಾಲ ಬಾತೈತಿ, ಮೀನಗಂಡ ಬಿಗದೈತಿ’ ಎಂಬ ಮನೆಮಾತನ್ನು ‘ಏಕಾಚ ಪಾಯಾಲಾ ಸೂಜ ಆಹೆ, ಪೋಟರೀ ದುಖತೆ’ ಎಂದು ದಾಟಿಸಿದರೆ ವೈದ್ಯರ ಕಿವಿ ನೆಟ್ಟಗಾಗುತ್ತದೆ. ‘ಅಚಾನಕ್’ ಎಂಬ ಪದಕ್ಕಂತೂ ಅನುವಾದವೇ ಬೇಕಿಲ್ಲ, ಎರಡೂ ಮಾತುಗಳಲ್ಲಿ ಅದು ಒಂದೇ. ಅದನ್ನು ಬಿಡದೆ ಹೇಳಿದರೆ ಸಾಕು.

ಕೊನೆಯದಾಗಿ ಒಂದು ಪ್ರಶ್ನೆಯನ್ನು ರೋಗಿಯ ಪರವಾಗಿ ಕೇಳುವ ಅಭ್ಯಾಸ ಒಳ್ಳೆಯದು. ದೀರ್ಘಕಾಲದ ಉರಿಯೂತವಿರುವವರು ಆಸ್ಪತ್ರೆ ಸೇರಿದಾಗ, ಶಸ್ತ್ರಚಿಕಿತ್ಸೆಗೆ ಸಿದ್ಧರಾದಾಗ, ಗರ್ಭಿಣಿಯಾದಾಗ, ಅಥವಾ ಕಾಯಿಲೆ ಉಲ್ಬಣಿಸಿ ಹಾಸಿಗೆ ಹಿಡಿದಾಗ, ‘ಇವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆಯೇ? ಅದಕ್ಕೆ ಏನಾದರೂ ಮುನ್ನೆಚ್ಚರಿಕೆ ಬೇಕೇ?’ ಎಂದು ಕೇಳಬೇಕು. ಮರಾಠಿಯಲ್ಲಿ ಕೇಳಿದರೂ ಆದೀತು, ಕನ್ನಡದಲ್ಲಿ ಕೇಳಿದರೂ ಆದೀತು. ಉತ್ತರ ಬಂದಾಗ ಅದನ್ನು ಅಜ್ಜಿಗೆ ಅವಳ ಮಾತಿನಲ್ಲಿ, ಹಾಲು ಮತ್ತು ಹೆಪ್ಪಿನ ಮಾತಿನಲ್ಲಿ, ತಿಳಿಸಿ ಹೇಳಿದರೆ ಅವಳು ಗುಳಿಗೆಯನ್ನು ಬಿಡುವುದಿಲ್ಲ.